ಮೇಲ್ ಎಲ್ಲರಿಗೂ ಹೋಗಿತ್ತು, ಕೆಲಸ ಯಾರಿಗೂ ಹೋಗಿರಲಿಲ್ಲ

ಪ್ರಶ್ನೆ: ನಮ್ಮದು ಏಳು ಜನರ ತಂಡ. ಒಬ್ಬೊಬ್ಬರು ಒಂದೊಂದು ಕಡೆ ಕೂತು ಕೆಲಸ ಮಾಡುವುದರಿಂದ ಎಲ್ಲವೂ ಇಮೇಲ್‌ನಲ್ಲೇ ನಡೆಯುತ್ತದೆ. ಒಂದೇ ವಿಷಯಕ್ಕೆ ಐವತ್ತು ಅರವತ್ತು ಮೇಲ್ ಓಡಾಡುತ್ತವೆ. ಕಳೆದ ತಿಂಗಳು ವರದಿಯ ಒಂದು ಭಾಗವನ್ನು ಯಾರೂ ಬರೆಯಲೇ ಇಲ್ಲ. ಅದರ ಬಗ್ಗೆ ಮೇಲ್ ಮಾತ್ರ ಎಲ್ಲರಿಗೂ ಬಂದಿತ್ತು. ಒಂದು ಟಾಸ್ಕ್ ಆಪ್ ತಂದು ನೋಡಿದೆವು, ಮೂರೇ ವಾರಕ್ಕೆ ಎಲ್ಲರೂ ಮೇಲ್‌ಗೇ ವಾಪಸ್ ಬಂದರು. ಇಮೇಲ್‌ನಲ್ಲೇ ತಂಡದ ಕೆಲಸವನ್ನು ಸರಿಯಾಗಿ ನಡೆಸಲು ಆಗುತ್ತದೆಯೇ? ಇನ್ನೊಂದು ಮಾತು. ತಂಡದಲ್ಲಿ ನಾನೇ ಕಿರಿಯಳು. ಹಿರಿಯರ ಹೆಸರು ಹಾಕಿ ‘ಇದು ನಿಮ್ಮ ಕೆಲಸ’ ಎಂದು ಬರೆಯಲು ಸಂಕೋಚವಾಗುತ್ತದೆ.

ಉತ್ತರ: ಆಗುತ್ತದೆ. ಏಳು ಜನರ ತಂಡಕ್ಕೆ ಇಮೇಲ್ ಧಾರಾಳವಾಗಿ ಸಾಕು. ಆದರೆ ಮೇಲ್‌ನಿಂದ ಆಗದ ಒಂದು ಕೆಲಸವನ್ನೂ ನೀವು ಅದರ ಮೇಲೇ ಹೊರಿಸಿದ್ದೀರಿ. ತೊಂದರೆ ಶುರುವಾಗುವುದು ಅಲ್ಲಿಂದ. ಅದೇನೆಂದು ಮೊದಲು ಹೇಳುತ್ತೇನೆ, ದಾರಿ ಆಮೇಲೆ.

ನೀವು ಆರು ಜನರಿಗೆ ಒಂದು ಮೇಲ್ ಕಳಿಸಿದಿರಿ ಎನ್ನಿ. ನೋಡಲು ಅದು ಒಂದೇ ಮೇಲ್. ಕಳಿಸಿದ ಗಳಿಗೆಯಿಂದ ಅದು ಏಳು ಪ್ರತಿ: ಆರು ಅವರವರ ಇನ್‌ಬಾಕ್ಸ್‌ನಲ್ಲಿ, ಒಂದು ನಿಮ್ಮ ಸೆಂಟ್ ಫೋಲ್ಡರ್‌ನಲ್ಲಿ. ಒಬ್ಬರು ಅದಕ್ಕೆ ಸ್ಟಾರ್ ಹಾಕುತ್ತಾರೆ, ಇನ್ನೊಬ್ಬರು ‘ಆಮೇಲೆ ಓದೋಣ’ ಎಂದು ಅನ್‌ರೆಡ್ ಮಾಡಿಡುತ್ತಾರೆ, ಮೂರನೆಯವರು ಅಳಿಸಿಬಿಡುತ್ತಾರೆ. ಇದ್ಯಾವುದೂ ಉಳಿದವರಿಗೆ ಕಾಣುವುದಿಲ್ಲ. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಇಂಟರ್ನೆಟ್‌ಗೆ ಮೊದಲಿನ ಜಾಲವಾದ ಆರ್ಪಾನೆಟ್‌ನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ, ಬಳಕೆದಾರರ ಹೆಸರಿಗೂ ಕಂಪ್ಯೂಟರಿನ ಹೆಸರಿಗೂ ನಡುವೆ ‘ಅಟ್’ ಚಿಹ್ನೆ ಇಟ್ಟರಲ್ಲ, ಅಂದಿನಿಂದ ಇಂದಿನವರೆಗೂ ಮೇಲ್‌ನ ಕಸುಬು ತಲುಪಿಸುವುದು. ತಲುಪಿದ ಮೇಲೆ ಏನಾಯಿತು ಎಂಬ ಲೆಕ್ಕ ಅದರ ಬಳಿ ಇಲ್ಲ.

ಕೆಲಸ ಎಂದರೆ ಅದಕ್ಕೊಂದು ಸ್ಥಿತಿ ಇರುತ್ತದೆ. ಯಾರ ಕೈಯಲ್ಲಿದೆ, ಎಲ್ಲಿಗೆ ಬಂತು, ಮುಗಿಯಿತೋ ಇಲ್ಲವೋ. ಏಳೂ ಜನ ಇದನ್ನು ಒಂದೇ ಜಾಗದಲ್ಲಿ ನೋಡುವಂತಿರಬೇಕು, ಮೇಲ್‌ನಲ್ಲಿ ಆ ಜಾಗ ಇಲ್ಲ. ಹಾಗಾಗಿ ನೀವು ಎರಡು ಕೆಲಸ ಮಾಡಬೇಕು: ಸ್ಥಿತಿಯನ್ನು ಮೇಲ್‌ನ ಮಾತಿನಲ್ಲೇ ಬಿಡಿಸಿ ಬರೆಯಬೇಕು, ಮತ್ತು ಮೇಲ್‌ನ ಹೊರಗೆ ಒಂದೇ ಒಂದು ಪಟ್ಟಿ ಇಡಬೇಕು. ಮುಂದೆ ನಾನು ಹೇಳುವುದೆಲ್ಲ ಈ ಎರಡರ ವಿವರ.

ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಮೇಲ್ ಬರೆಯುವ ತಂಡಗಳಲ್ಲಿ ಕೆಲಸ ಜಾರಿಹೋಗುವುದು ಹೆಚ್ಚಾಗಿ ಇಲ್ಲೇ. ‘ಮುಂದಿನ ವಾರದೊಳಗೆ ಮೂರನೇ ಭಾಗ ಆಗಬೇಕಿದೆ’ ಎಂದು ಬರೆಯುತ್ತೇವೆ. ಯಾರಿಂದ ಆಗಬೇಕು? ನಮ್ಮ ಭಾಷೆ ಅದನ್ನು ಹೇಳದೆಯೇ ವಾಕ್ಯ ಮುಗಿಸಲು ಬಿಡುತ್ತದೆ, ಮತ್ತು ಹಾಗೆ ಬರೆದದ್ದು ಸೌಜನ್ಯವಾಗಿಯೂ ಕೇಳಿಸುತ್ತದೆ. ‘ಮಾಡೋಣ’ ಇನ್ನೂ ಅಪಾಯಕಾರಿ. ಅದರಲ್ಲಿ ಎಲ್ಲರೂ ಇದ್ದಾರೆ, ಯಾರೊಬ್ಬರೂ ಇಲ್ಲ. ‘ಯಾರಾದರೂ ಒಬ್ಬರು ನೋಡಿ’ ಎನ್ನುವುದಂತೂ ಕೆಲಸವನ್ನು ಗಾಳಿಗೆ ಬಿಟ್ಟ ಹಾಗೆ.

ಉತ್ತರದ ಕಡೆ ಬನ್ನಿ. ‘ಆಯ್ತು’ ಎಂದು ಒಂದು ಪದದ ಮೇಲ್ ಬರುತ್ತದೆ. ಒಪ್ಪಿಕೊಂಡೆ, ಮಾಡುತ್ತೇನೆ ಎಂದೇ? ಅಥವಾ ಮಾಡಿ ಮುಗಿಸಿದೆ ಎಂದೇ? ಎದುರಿಗೆ ಕೂತು ಮಾತಾಡುವಾಗ ದನಿಯಲ್ಲಿ ಗೊತ್ತಾಗುತ್ತದೆ, ಮೇಲ್‌ನಲ್ಲಿ ಗೊತ್ತಾಗುವುದಿಲ್ಲ. ನಾನು ನಡೆಸುತ್ತಿದ್ದ ಒಂದು ತಂಡದಲ್ಲಿ ಇದೇ ಪದದಿಂದ ನಾಲ್ಕು ದಿನ ಹೋಯಿತು. ಒಂದು ಕೋಷ್ಟಕ ಸರಿಪಡಿಸಿ ಕಳಿಸಿ ಎಂದು ಸೋಮವಾರ ಬರೆದಿದ್ದೆ, ‘ಆಯ್ತು ಸರ್’ ಎಂದು ಉತ್ತರ ಬಂತು. ಹಂಚಿಕೊಂಡ ಫೈಲ್‌ನಲ್ಲಿ ಸರಿಪಡಿಸಿದ್ದಾರೆ ಎಂದುಕೊಂಡು ನಾನು ಮುಂದಿನ ಕೆಲಸಕ್ಕೆ ಇಳಿದೆ. ಗುರುವಾರ ಆ ಫೈಲ್ ತೆರೆದರೆ ಹಳೆಯ ಅಂಕಿಗಳೇ ಇದ್ದವು. ಅವರು ವಾರದ ಕೊನೆಗೆ ಕೂತು ಮಾಡುವವರಿದ್ದರು. ಅವರದ್ದೇನೂ ತಪ್ಪಿರಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಎರಡು ಮಾತು ರೂಢಿಗೆ ತಂದೆವು: ಒಪ್ಪಿಕೊಂಡರೆ ‘ಮಾಡುತ್ತೇನೆ, ಇಂಥ ದಿನ’, ಮುಗಿದರೆ ‘ಮುಗಿಸಿದ್ದೇನೆ, ಇಲ್ಲಿದೆ’. ‘ಆಯ್ತು’, ‘ನೋಡ್ತೀನಿ’, ‘ಸರಿ’ ಮೂರನ್ನೂ ಕೆಲಸದ ಮೇಲ್‌ಗಳಿಂದ ಕೈಬಿಟ್ಟೆವು. ಚಿಕ್ಕ ವಿಷಯ ಅನ್ನಿಸಬಹುದು. ನೀವು ಒಂದೇ ಒಂದು ಬದಲಾವಣೆ ಮಾಡುವುದಾದರೂ ಇದನ್ನೇ ಮಾಡಿ ಎಂದು ಹೇಳುವೆ.

ಇನ್ನು ‘ಟು’ ಮತ್ತು ‘ಸಿಸಿ’. ಟೈಪ್‌ರೈಟರ್ ಕಾಲದಲ್ಲಿ ಹಾಳೆಗಳ ನಡುವೆ ಕಾರ್ಬನ್ ಕಾಗದ ಇಟ್ಟು ತೆಗೆಯುತ್ತಿದ್ದ ನಕಲಿನ ಹೆಸರೇ ಸಿಸಿ. ಮೂಲ ಪತ್ರ ಯಾರಿಗೋ ಅವರು ಉತ್ತರ ಕೊಡಬೇಕು, ನಕಲು ಸಿಕ್ಕವರು ತಿಳಿದುಕೊಂಡರೆ ಸಾಕು. ಇಮೇಲ್‌ನ ತಾಂತ್ರಿಕ ನಿಯಮಗಳೂ ಇದೇ ಅರ್ಥವನ್ನು ಉಳಿಸಿಕೊಂಡಿವೆ: ‘ಟು’ನಲ್ಲಿ ಮುಖ್ಯವಾಗಿ ತಲುಪಬೇಕಾದವರು, ‘ಸಿಸಿ’ಯಲ್ಲಿ ವಿಷಯ ನೇರವಾಗಿ ತಮಗಲ್ಲದಿದ್ದರೂ ಪ್ರತಿ ಪಡೆಯುವವರು. ರಿಪ್ಲೈ ಆಲ್ ಒತ್ತಿ ಒತ್ತಿ ನಾವು ಈ ಗೆರೆಯನ್ನು ಅಳಿಸಿಹಾಕಿದ್ದೇವೆ. ಅದನ್ನು ಮತ್ತೆ ಎಳೆಯಿರಿ. ಕೆಲಸ ಹೇಳುವ ಮೇಲ್‌ನಲ್ಲಿ ‘ಟು’ ಒಬ್ಬರೇ. ಇಬ್ಬರು ಸೇರಿ ಮಾಡುವ ಕೆಲಸವಾದರೂ ಉತ್ತರ ಕೊಡಬೇಕಾದವರು ಒಬ್ಬರೇ ಇರಲಿ.

ಒಬ್ಬರೇ ಇರಲಿ ಎಂದು ಏಕೆ ಹಟ ಹಿಡಿಯುತ್ತೇನೆ ಎಂದರೆ, ಇದು ಸೋಮಾರಿತನದ ಪ್ರಶ್ನೆಯಲ್ಲ. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನೋವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಇಂಟರ್‌ಕಾಮ್‌ನಲ್ಲಿ ಮಾತಾಡಿಸುತ್ತಿದ್ದರು. ನಡುವೆ ಒಬ್ಬನಿಗೆ ಮೂರ್ಛೆ ಬಂದಂಥ ದನಿ ಕೇಳಿಸುತ್ತಿತ್ತು. ಆ ದನಿ ಕೇಳುತ್ತಿರುವುದು ತನಗೊಬ್ಬನಿಗೇ ಎಂದುಕೊಂಡವರಲ್ಲಿ ಶೇಕಡಾ 85 ಮಂದಿ ಅದು ನಿಲ್ಲುವುದರೊಳಗೆ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಂಬಿದ್ದವರಲ್ಲಿ ಹಾಗೆ ಮಾಡಿದವರು ಶೇಕಡಾ 31 ಮಾತ್ರ. ಆ ಕೋಣೆಗಳನ್ನು ನೆನೆಸಿಕೊಳ್ಳಿ. ಉಳಿದವರು ಎದ್ದರೋ ಇಲ್ಲವೋ ಯಾರಿಗೂ ಕಾಣುತ್ತಿರಲಿಲ್ಲ. ನಿಮ್ಮ ಮೇಲ್ ತಲುಪಿದ ಇನ್‌ಬಾಕ್ಸ್‌ಗಳೂ ಅಂಥವೇ ಕೋಣೆಗಳು. ನಿಮ್ಮ ತಂಡದವರು ಬೇಜವಾಬ್ದಾರಿಯವರೇನಲ್ಲ. ಪ್ರತಿಯೊಬ್ಬರಿಗೂ ಇನ್ನೊಬ್ಬರು ಬರೆಯುತ್ತಿದ್ದಾರೆ ಅನ್ನಿಸಿದೆ, ಅಷ್ಟೇ.

ಈಗ ನಿಮ್ಮ ಸಂಕೋಚದ ಮಾತು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಿರಿಯರಿಗೆ ಕೆಲಸ ಹೇಳುವಾಗ ಬೆರಳು ತಡೆಯುವುದು ಸಹಜ, ಅದಕ್ಕೇ ನಾವು ‘ಆಗಬೇಕಿದೆ’ಯ ಮರೆ ಹೊಕ್ಕುತ್ತೇವೆ. ಹೆಸರು ಹಾಕುವುದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ. ಅಪ್ಪಣೆಯ ಧಾಟಿಯಿಂದ ಆಗುತ್ತದೆ. ಆ ಧಾಟಿಯನ್ನು ತಪ್ಪಿಸಲು ಒಂದು ಉಪಾಯವಿದೆ: ಅವರ ಕೆಲಸವನ್ನು ನಿಮ್ಮ ಮುಂದಿನ ಹೆಜ್ಜೆಗೆ ಕಟ್ಟಿ. ನೀವು ಹೀಗೆ ಬರೆಯುತ್ತಿದ್ದಿರಿ ಅನ್ನಿ:

‘ಎಲ್ಲರಿಗೂ ನಮಸ್ಕಾರ. ವರದಿಯ ಮೂರನೇ ಭಾಗ ಇನ್ನೂ ಬಾಕಿ ಇದೆ. ಆದಷ್ಟು ಬೇಗ ಮುಗಿಸಬೇಕಾಗಿದೆ. ದಯವಿಟ್ಟು ಗಮನಿಸಿ.’

ಇದನ್ನೇ ಹೀಗೆ ಬರೆಯಿರಿ:

‘ಸರ್, ವರದಿಯ ಮೂರನೇ ಭಾಗ ನಿಮ್ಮಿಂದ ಬರಬೇಕಿದೆ. 14ರ ಗುರುವಾರ ಸಂಜೆ 5ರೊಳಗೆ ಕಳಿಸಿದರೆ ಶುಕ್ರವಾರ ಬೆಳಿಗ್ಗೆ ನಾನು ಉಳಿದ ಭಾಗಗಳ ಜೊತೆ ಸೇರಿಸುತ್ತೇನೆ. ಎರಡು ಪುಟ ಸಾಕು. ಗುರುವಾರಕ್ಕೆ ಆಗದಿದ್ದರೆ ಯಾವ ದಿನ ಎಂದು ತಿಳಿಸಿ, ಮಿಕ್ಕವರಿಗೆ ನಾನು ಹೇಳುತ್ತೇನೆ.’

ಎರಡನೆಯದರಲ್ಲಿ ಯಾರಿಂದ ಎಂಬುದಿದೆ, ದಿನವಿದೆ, ಎಷ್ಟು ಬೇಕು ಎಂಬ ಅಳತೆ ಇದೆ. ‘ಆದಷ್ಟು ಬೇಗ’ ಎಂಬ, ಯಾವ ಕ್ಯಾಲೆಂಡರ್‌ನಲ್ಲೂ ಇಲ್ಲದ ದಿನ ಹೋಗಿದೆ. ಅದಕ್ಕಿಂತ ಮುಖ್ಯವಾಗಿ, ಆಗುವುದಿಲ್ಲ ಎಂದು ಹೇಳಲು ಹಿರಿಯರಿಗೊಂದು ಬಾಗಿಲು ತೆರೆದಿದೆ. ಆಗುವುದಿಲ್ಲ ಎನ್ನಲು ದಾರಿ ಇಲ್ಲದ ಮೇಲ್‌ಗೇ ಜನ ಸುಮ್ಮನಾಗಿಬಿಡುವುದು. ಹಿರಿಯರು ಇದರಿಂದ ಬೇಸರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ತಮ್ಮಿಂದ ಏನು ಬೇಕೆಂದು ಸ್ಪಷ್ಟವಾಯಿತಲ್ಲ ಎಂದು ನೆಮ್ಮದಿ ಪಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ.

ಅರವತ್ತು ಮೇಲ್‌ನ ಎಳೆಯ, ಅಂದರೆ ಒಂದು ಮೇಲ್ ಮತ್ತು ಅದರ ಉತ್ತರಗಳ ಸರಣಿಯ (ಥ್ರೆಡ್), ವಿಷಯಕ್ಕೆ ಬರೋಣ. ಒಂದು ಎಳೆಯನ್ನು ತೆರೆದಾಗ ಮೇಲ್‌ಗಳು ಒಂದರ ಕೆಳಗೊಂದು ಸಾಲಾಗಿ ಕಾಣುತ್ತವೆ. ಒಳಗಿನ ರಚನೆ ಹಾಗಿಲ್ಲ. ಪ್ರತಿ ಉತ್ತರದ ತಲೆಬರಹದಲ್ಲಿ ಅದು ಯಾವ ಮೇಲ್‌ಗೆ ಉತ್ತರ ಎಂಬ ಗುರುತು ಇರುತ್ತದೆ. ಒಂದೇ ಮೇಲ್‌ಗೆ ಇಬ್ಬರು ಉತ್ತರಿಸಿದರೆ ಅಲ್ಲಿಂದ ಎರಡು ಕೊಂಬೆ ಒಡೆಯುತ್ತವೆ. ಒಬ್ಬರು ರಿಪ್ಲೈ ಆಲ್ ಬದಲು ಬರೀ ರಿಪ್ಲೈ ಒತ್ತಿದರೆ ಆ ಕೊಂಬೆ ಐವರಿಗೆ ಕಾಣುವುದೇ ಇಲ್ಲ. ಆಮೇಲೆ ಬಂದವರು ಕೊನೆಯ ಮೇಲ್‌ಗೆ ಮಾತ್ರ ಉತ್ತರಿಸುತ್ತಾರೆ, ಇನ್ನೊಂದು ಕೊಂಬೆಯಲ್ಲಿ ಕೇಳಿದ್ದ ಪ್ರಶ್ನೆ ನೆನೆಗುದಿಗೆ ಬೀಳುತ್ತದೆ. ನಿಮ್ಮಲ್ಲಿ ‘ನಾನು ಆವತ್ತೇ ಹೇಳಿದ್ದೆನಲ್ಲ’, ‘ನನಗೆ ಬರಲೇ ಇಲ್ಲ’ ಎಂಬ ಮಾತು ಆಗಾಗ ಬರುತ್ತಿದ್ದರೆ ಇಬ್ಬರ ಮಾತೂ ನಿಜವಿರಬಹುದು.

ಆದ್ದರಿಂದ ಒಂದು ಎಳೆಗೆ ಒಂದೇ ಕೆಲಸ. ಹಳೆಯ ಮೇಲ್ ತೆಗೆದು ಅದರಲ್ಲೇ ಹೊಸ ವಿಷಯ ಎತ್ತಬೇಡಿ. ವಿಳಾಸಗಳು ಸಿದ್ಧವಿವೆ ಎಂಬ ಒಂದೇ ಅನುಕೂಲಕ್ಕೆ ನಾವೆಲ್ಲ ಮಾಡುವ ತಪ್ಪು ಇದು. ನಡುವೆ ಮಾತು ಬೇರೆ ಕಡೆ ತಿರುಗಿದರೆ ಸಬ್ಜೆಕ್ಟ್ ಬದಲಿಸಿ. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಾದ ಕೂಡಲೇ ಅದು ಹೊಸ ಎಳೆಯಾಗಿ ಬೇರೆಯಾಗುತ್ತದೆ, ನಮಗೆ ಬೇಕಾದದ್ದೂ ಅದೇ. ಇದರ ಇನ್ನೊಂದು ಮುಖವನ್ನೂ ನೆನಪಿಡಿ: ಅದೇ ಕೆಲಸ ಮುಂದುವರಿಯುವಾಗ ಅಕ್ಷರ ತಿದ್ದಲು ಹೋಗಿ ಸಬ್ಜೆಕ್ಟ್ ಮುಟ್ಟಿದರೆ ಎಳೆ ಸುಮ್ಮನೆ ತುಂಡಾಗುತ್ತದೆ.

ಬರೀ ಮೇಲ್‌ನಲ್ಲೇ ದೊಡ್ಡ ಕೆಲಸ ನಡೆಸಬಹುದೇ ಎಂಬ ಅನುಮಾನ ನಿಮ್ಮ ಹಿರಿಯರಿಗಿದ್ದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನ ಉದಾಹರಣೆ ಕೊಡಿ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಆ ತಂತ್ರಾಂಶಕ್ಕೆ ಜಗತ್ತಿನ ಮೂಲೆಮೂಲೆಯಿಂದ ಸಾವಿರಾರು ಜನ ತಿದ್ದುಪಡಿ ಕಳಿಸುತ್ತಾರೆ, ಇಂದಿಗೂ ಬಹುಪಾಲು ಇಮೇಲ್‌ನಲ್ಲೇ. ಅವರ ಶಿಸ್ತು ನೋಡಿದರೆ ನಾನು ಮೇಲೆ ಹೇಳಿದ್ದೆಲ್ಲ ಅಲ್ಲಿದೆ. ಸಬ್ಜೆಕ್ಟ್‌ನ ಶುರುವಿನಲ್ಲೇ ‘ಪ್ಯಾಚ್’, ಅಂದರೆ ತಿದ್ದುಪಡಿ, ಎಂದಿರುತ್ತದೆ; ಐದರಲ್ಲಿ ಎರಡನೆಯದಾದರೆ 2/5 ಎಂದು, ತಿದ್ದಿ ಎರಡನೇ ಸಲ ಕಳಿಸಿದ್ದಾದರೆ ವಿ2 ಎಂದು. ಮೇಲ್ ತೆರೆಯುವ ಮೊದಲೇ ಕೆಲಸ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತದೆ. ಯಾವ ಭಾಗಕ್ಕೆ ಯಾರು ಹೊಣೆ ಎಂಬ ಪಟ್ಟಿ ಒಂದು ಫೈಲ್‌ನಲ್ಲಿದೆ, ಮೇಲ್ ಅವರ ಹೆಸರಿಗೇ ಹೋಗಬೇಕು. ಪರಿಶೀಲಿಸಿದವರು ‘ಚೆನ್ನಾಗಿದೆ’ ಎಂದು ಬರೆದು ಬಿಡುವುದಿಲ್ಲ. ‘ರಿವ್ಯೂಡ್-ಬೈ’ ಎಂದು ತಮ್ಮ ಹೆಸರಿನ ಸಾಲು ಸೇರಿಸುತ್ತಾರೆ. ಉತ್ತರ ಬರದಿದ್ದರೆ ಕನಿಷ್ಠ ಒಂದು ವಾರ ಕಾದು ಆಮೇಲೆ ನೆನಪಿಸಿ ಎಂದು ಅವರ ಮಾರ್ಗಸೂಚಿಯಲ್ಲೇ ಬರೆದಿದೆ. ಯಾವಾಗ ನೆನಪಿಸಬಹುದು ಎಂದು ಮೊದಲೇ ಎಲ್ಲರಿಗೂ ಗೊತ್ತಿದ್ದರೆ ನೆನಪಿಸುವುದು ಪೀಡಿಸಿದ ಹಾಗಾಗುವುದಿಲ್ಲ. ನಿಮ್ಮ ತಂಡಕ್ಕೆ ವಾರ ದೀರ್ಘವಾದೀತು, ಎರಡು ದಿನ ಎಂದಿಟ್ಟುಕೊಳ್ಳಿ.

ಇಷ್ಟೆಲ್ಲ ಶಿಸ್ತಿದ್ದೂ ಅವರಿಗೆ ಮೇಲ್ ಒಂದೇ ಸಾಲಲಿಲ್ಲ. ಬಂದ ಪ್ಯಾಚ್‌ಗಳಲ್ಲಿ ಯಾವುದು ಹೊಸದು, ಯಾವುದು ಪರಿಶೀಲನೆಯಲ್ಲಿದೆ, ಯಾವುದು ಒಪ್ಪಿತವಾಗಿದೆ ಎಂದು ತೋರಿಸಲು ‘ಪ್ಯಾಚ್‌ವರ್ಕ್’ ಎಂಬ ಉಪಕರಣವನ್ನು ಅಲ್ಲಿನ ಹಲವು ವಿಭಾಗಗಳು ಇಟ್ಟುಕೊಂಡಿವೆ. ಅದು ಮೇಲ್‌ಗಳನ್ನೇ ಓದಿ ಪಟ್ಟಿ ಮಾಡುತ್ತದೆ. ಜನ ಮೇಲ್ ಬಿಟ್ಟು ಏಳಬೇಕಾಗಿಲ್ಲ.

ನಿಮ್ಮ ಟಾಸ್ಕ್ ಆಪ್ ಏಕೆ ಸೋತಿತು ಎಂಬುದಕ್ಕೆ ಉತ್ತರ ಇಲ್ಲಿದೆ ಎಂದು ನನ್ನ ಊಹೆ. ಏಳೂ ಜನ ದಿನಾ ಆಪ್ ತೆರೆದು ತಮ್ಮ ಕೆಲಸದ ಸ್ಥಿತಿ ತುಂಬಬೇಕು ಎಂದಿಟ್ಟಿರಬೇಕು. ಮಾತುಕತೆ ಮೇಲ್‌ನಲ್ಲಿ, ಲೆಕ್ಕ ಆಪ್‌ನಲ್ಲಿ ಎಂದಾದಾಗ ಲೆಕ್ಕ ಬರೆಯುವವರು ಮೊದಲು ದಣಿಯುತ್ತಾರೆ. ಇಬ್ಬರು ಬಿಟ್ಟರೆ ಸಾಕು, ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ. ಉಳಿದವರೂ ಬಿಡುತ್ತಾರೆ.

ಅದರ ಬದಲು ಹೀಗೆ ಮಾಡಿ. ಹಂಚಿಕೊಂಡ ಒಂದು ಸ್ಪ್ರೆಡ್‌ಶೀಟ್ ಇರಲಿ, ಐದು ಕಾಲಂ ಸಾಕು: ಕೆಲಸ, ಹೊಣೆ, ಕೊನೆಯ ದಿನ, ಸ್ಥಿತಿ, ಮೇಲ್‌ನ ಸಬ್ಜೆಕ್ಟ್. ಎಲ್ಲರೂ ನೋಡಬಹುದು, ತುಂಬುವವರು ಒಬ್ಬರೇ. ಕಿರಿಯರಾದ ನೀವೇ ಇದನ್ನು ವಹಿಸಿಕೊಳ್ಳಿ ಎಂದು ಸಲಹೆ ಕೊಡುತ್ತೇನೆ. ಪಟ್ಟಿ ಇಟ್ಟುಕೊಂಡವರು ‘ಸರ್, ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಇದೊಂದು ಬಾಕಿ ಕಾಣುತ್ತಿದೆ’ ಎಂದು ಕೇಳಿದರೆ ಯಾರಿಗೂ ಅದು ಉದ್ಧಟತನ ಅನ್ನಿಸುವುದಿಲ್ಲ. ವಾರದ ಮೊದಲ ದಿನ ಬೆಳಿಗ್ಗೆ ಆ ಪಟ್ಟಿಯಿಂದ ಒಂದು ಮೇಲ್ ಕಳಿಸಿ, ಒಬ್ಬೊಬ್ಬರ ಹೆಸರಿನ ಕೆಳಗೆ ಅವರ ಈ ವಾರದ ಕೆಲಸಗಳು. ಅವರು ತಮ್ಮ ಸಾಲಿಗೆ ಅಲ್ಲೇ ಉತ್ತರಿಸುತ್ತಾರೆ, ನೀವು ಪಟ್ಟಿಗೆ ಏರಿಸುತ್ತೀರಿ. ಏಳು ಜನರ ಕೆಲಸಕ್ಕೆ ವಾರಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆ ಸಮಯವನ್ನು ನನ್ನ ಕೆಲಸದ ಭಾಗವಾಗಿ ಒಪ್ಪಿಕೊಳ್ಳಿ ಎಂದು ತಂಡದ ಮುಖ್ಯಸ್ಥರಿಗೆ ಮೊದಲೇ ಹೇಳಿಬಿಡಿ. ಇಲ್ಲವಾದರೆ ಒಂದು ತಿಂಗಳಲ್ಲಿ ಇದೂ ನಿಲ್ಲುತ್ತದೆ. ಯಾರಾದರೂ ರಜೆ ಹಾಕಿದಾಗ ಅವರ ಇನ್‌ಬಾಕ್ಸ್‌ನಲ್ಲಿ ಹುದುಗಿಹೋಗುತ್ತಿದ್ದ ಕೆಲಸಗಳೂ ಇದರಿಂದ ಹೊರಗೆ ಕಾಣುತ್ತವೆ.

ಅಟ್ಯಾಚ್‌ಮೆಂಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೇಲ್ ಪ್ರತಿಗಳಾಗಿ ಒಡೆಯುವ ಹಾಗೆಯೇ ಫೈಲ್ ಕೂಡ ಒಡೆಯುತ್ತದೆ. ‘ವರದಿ ಫೈನಲ್’, ‘ವರದಿ ಫೈನಲ್ 2’, ‘ವರದಿ ಫೈನಲ್ ತಿದ್ದಿದ್ದು’ ಎಂಬ ಮೂರು ಫೈಲ್‌ಗಳಲ್ಲಿ ನಡುವಿನದನ್ನು ನಾನೇ ಒಮ್ಮೆ ಮುದ್ರಣಕ್ಕೆ ಕಳಿಸಿದ್ದೇನೆ. ಒಂದು ಪುಟದ ಅಂಕಿಅಂಶ ಹಳೆಯದಾಗಿಯೇ ಅಚ್ಚಾಯಿತು, ಆ ಪುಟ ಬರೆದವರ ಮುಖ ನೋಡಲು ಕಷ್ಟವಾಯಿತು. ಬರೆಯುತ್ತಿರುವ ಫೈಲ್ ಹಂಚಿಕೊಂಡ ಡ್ರೈವ್‌ನಲ್ಲಿ ಒಂದೇ ಇರಲಿ, ಮೇಲ್‌ನಲ್ಲಿ ಅದರ ಲಿಂಕ್ ಹೋಗಲಿ. ಮುಗಿದು ಸಹಿಯಾದದ್ದನ್ನು ಮಾತ್ರ ಅಟ್ಯಾಚ್ ಮಾಡಿ. ಆಗ ಪ್ರತಿ ಇರುವುದೇ ಒಳ್ಳೆಯದು.

ಉಳಿದವರಿಗೆ ಹೆಸರು ಕಾಣದಂತೆ ಪ್ರತಿ ಕಳಿಸುವ ಬಿಸಿಸಿಯನ್ನು ತಂಡದ ಕೆಲಸದಲ್ಲಿ ಬಳಸಬೇಡಿ. ಗುಟ್ಟಾಗಿ ಸೇರಿಸಿದವರು ರಿಪ್ಲೈ ಆಲ್ ಒತ್ತಿದ ಕ್ಷಣ ಎಲ್ಲರಿಗೂ ಗೊತ್ತಾಗುತ್ತದೆ, ನಂಬಿಕೆ ಮತ್ತೆ ಕೂಡಿಬರಲು ತಿಂಗಳುಗಳು ಬೇಕು. ಒಂದು ಸಂದರ್ಭ ಮಾತ್ರ ಬೇರೆ: ಮಾತುಕತೆಯಿಂದ ಬಿಡುಗಡೆ ಬೇಕಾದವರನ್ನು ‘ಇನ್ನು ಮೇಡಂ ಅವರನ್ನು ಬಿಸಿಸಿಗೆ ಹಾಕಿದ್ದೇನೆ’ ಎಂದು ಎದುರಿಗೇ ಹೇಳಿ ಹಾಕಬಹುದು. ಅವರಿಗೆ ಆ ಒಂದು ಮೇಲ್ ತಲುಪುತ್ತದೆ, ಮುಂದಿನ ಉತ್ತರಗಳು ತಲುಪುವುದಿಲ್ಲ.

ಮೂರು ಸಲ ಹೋಗಿಬಂದರೂ ಇತ್ಯರ್ಥವಾಗದ ವಿಷಯಕ್ಕೆ ನಾಲ್ಕನೇ ಮೇಲ್ ಬರೆಯಬೇಡಿ, ಫೋನ್ ಮಾಡಿ. ಭಿನ್ನಾಭಿಪ್ರಾಯವಂತೂ ಮೇಲ್‌ನಲ್ಲಿ ಬೆಳೆಯುವುದೇ ಹೆಚ್ಚು. ಆದರೆ ಫೋನ್ ಇಟ್ಟ ಹತ್ತು ನಿಮಿಷದೊಳಗೆ ಅದೇ ಎಳೆಯಲ್ಲಿ ಎರಡು ಸಾಲು ಬರೆಯಿರಿ: ಏನು ತೀರ್ಮಾನವಾಯಿತು, ಈಗ ಯಾರು ಏನು ಮಾಡುತ್ತಾರೆ. ಆ ಎರಡು ಸಾಲು ಇಲ್ಲದಿದ್ದರೆ ಉಳಿದ ಐವರ ಪಾಲಿಗೆ ಆ ಫೋನ್ ಕರೆ ನಡೆದೇ ಇಲ್ಲ.

ದಿನವಿಡೀ ಮೇಲ್ ನೋಡುತ್ತ ಕೂರಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೊಸ್ಟಾಡಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 124 ವಯಸ್ಕರನ್ನು ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡುವಂತೆ, ಇನ್ನೊಂದು ವಾರ ಬೇಕಾದಷ್ಟು ಸಲ ನೋಡುವಂತೆ ಕೇಳಿಕೊಂಡಿದ್ದರು. ಮೂರು ಸಲದ ವಾರದಲ್ಲಿ ಅವರ ಒತ್ತಡ ಕಡಿಮೆ ಇತ್ತು ಎಂದು 2015ರಲ್ಲಿ ವರದಿಯಾಯಿತು. ನಿಮ್ಮ ತಂಡವೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಒಪ್ಪಿಕೊಂಡು, ತುರ್ತಿದ್ದರೆ ಫೋನ್ ಎಂದಿಟ್ಟುಕೊಳ್ಳಬಹುದು. ಒಬ್ಬರೇ ಹೀಗೆ ಮಾಡಿದರೆ ಉಳಿದವರಿಗೆ ಉದಾಸೀನದಂತೆ ಕಾಣುತ್ತದೆ, ಒಟ್ಟಾಗಿ ತೀರ್ಮಾನಿಸಿ. ಔಟ್‌ಲುಕ್ ಬಳಸುವವರಾದರೆ ನಿಮ್ಮ ಹೆಸರು ಸಿಸಿಯಲ್ಲಿ ಮಾತ್ರ ಇರುವ ಮೇಲ್‌ಗಳು ಬೇರೆ ಫೋಲ್ಡರ್‌ಗೆ ಹೋಗುವಂತೆ ರೂಲ್ ಹಾಕಬಹುದು. ‘ಟು’ ಮತ್ತು ‘ಸಿಸಿ’ಯ ಗೆರೆಯನ್ನು ತಂಡ ಪಾಲಿಸಲು ಶುರು ಮಾಡಿದ ಮೇಲೆ ಅದನ್ನು ಹಾಕಿ, ಮೊದಲೇ ಬೇಡ.

ಈಗ ಈ ವಾರ ಏನು ಮಾಡುವುದು? ಆ ಅರವತ್ತು ಮೇಲ್‌ನ ಎಳೆಯನ್ನು ಒಮ್ಮೆ ಪೂರ್ತಿ ಓದಿ, ಕೈಯಲ್ಲಿ ಒಂದು ಕಾಗದ ಇರಲಿ. ತೀರ್ಮಾನವಾದದ್ದು ಯಾವುದು, ಯಾರೂ ಉತ್ತರಿಸದೆ ಉಳಿದ ಪ್ರಶ್ನೆ ಯಾವುದು, ‘ಆಯ್ತು’ ಎಂದು ಬಂದು ಆಮೇಲೆ ಸುದ್ದಿಯೇ ಇಲ್ಲದ್ದು ಯಾವುದು ಎಂದು ಬರೆದುಕೊಳ್ಳಿ. ಆಮೇಲೆ ಆ ಎಳೆಯಲ್ಲಿ ಕೊನೆಯದಾಗಿ ಒಂದು ಮೇಲ್: ‘ಈ ಎಳೆಯನ್ನು ಇಲ್ಲಿಗೆ ನಿಲ್ಲಿಸೋಣ. ಬಾಕಿ ಇರುವ ಕೆಲಸಗಳಿಗೆ ಒಂದೊಂದು ಹೊಸ ಮೇಲ್ ಕಳಿಸುತ್ತಿದ್ದೇನೆ, ಪಟ್ಟಿಯ ಲಿಂಕ್ ಕೆಳಗಿದೆ.’ ಮೊದಲ ಹೊಸ ಮೇಲ್ ಬೇರೆಯವರಿಗೆ ಬೇಡ. ಬಾಕಿಗಳಲ್ಲಿ ನಿಮ್ಮದೇ ಒಂದಿದ್ದರೆ ಅದನ್ನು ಹೆಸರು, ದಿನ ಹಾಕಿ ಎಲ್ಲರಿಗೂ ಸಿಸಿ ಮಾಡಿ ಬರೆಯಿರಿ. ಎರಡನೆಯದು, ಆ ಮೂರನೇ ಭಾಗದ ಮೇಲ್, ಆಮೇಲೆ ಹೋಗಲಿ.